ಅವ್ವ ತೊಳೆದ ಕಲ್ಲುಶಂಖ

ಪಾಯಖಾನೆ ತೊಳೆಯುವ ಆ್ಯಸಿಡ್ಡಿನ ವಾಸನೆ ಮೂಗಿಗೆ ಬಿದ್ದರೆ ನಾನು ಮನೆ ಬಿಟ್ಟು ಹೊರಗೆ ಹೋಗಿ ನಿಲ್ಲುತ್ತೇನೆ. ಗೋವಾದ ಕುಂಕಳ್ಳಿಯ ನಮ್ಮ ಚಾಳಿನಲ್ಲಿ ಎಂಟು ಮನೆಗೆ ಎರಡು ಪಾಯಖಾನೆ. ಭಾನುವಾರಕ್ಕೆ ಒಂದು ಮನೆಯವರಂತೆ ತೊಳೆಯುವ ಪಾಳಿ. ನಮ್ಮ ಪಾಳಿ ಬಂದ ಭಾನುವಾರ ನನಗೆ ತಪ್ಪದೆ ಪೇಟೆಯಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತದೆ. ಕಾಲೇಜಿನಲ್ಲಿ ನೌಕರಿ ಸಿಕ್ಕ ಮೇಲೆ ರೇಣುಕಾಗೆ ಸೊಕ್ಕು ಬಂದಿದೆ ಎಂದು ನೆರೆಯವರು ಆಡಿಕೊಳ್ಳುತ್ತಾರೆ. ಸೊಕ್ಕು ಬರುವಂಥ ನೌಕರಿಯೇನಲ್ಲ ನನ್ನದು. ಕಪಾಟಿನಲ್ಲಿರುವ ಕಲ್ಲುಗಳ ಧೂಳು ಒರೆಸುವುದು, ಅವುಗಳ ಕೆಳಗಿಡುವ ಚೀಟಿ ಬರೆಯುವುದು, ಆರಾರು ತಿಂಗಳಿಗೊಮ್ಮೆ ನನ್ನನ್ನು ಮುಂದುವರಿಸುತ್ತಾರೋ ಇಲ್ಲವೋ ಎಂದು ಆಫೀಸಿನ ಬಾಗಿಲ ಕಡೆ ನೋಡುವುದು. ಆದರೂ ಸೊಕ್ಕು ಎಂದುಕೊಂಡರೆ ಅಂದುಕೊಳ್ಳಲಿ, ನಿಜ ಹೇಳುವುದಕ್ಕಿಂತ ಅದೇ ವಾಸಿ ಎಂದು ಸುಮ್ಮನಿದ್ದೇನೆ. ನಿಮ್ಮ ಹತ್ತಿರ ಸುಮ್ಮನಿರುವ ಅಗತ್ಯವಿಲ್ಲ. ನೀವು ನಮ್ಮ ಚಾಳಿನವರಲ್ಲ.

ಆ ವಾಸನೆಯಲ್ಲೇ ನಾನು ಬೆಳೆದದ್ದು. ವಿಜಾಪುರದ ಕಡೆಯಿಂದ ಬಂದ ಮೇಲೆ ಅಪ್ಪ ಬಂದರಿನಲ್ಲಿ ಮೂಟೆ ಹೊರಲು ಹೋದ, ಅವ್ವ ಬೀಚಿನಲ್ಲಿ ಚಿಪ್ಪಿನ ಸರ ಮಾರಲು ಹೋದಳು. ಅಪ್ಪ ಬೇಗ ತೀರಿಕೊಂಡ. ಅವ್ವ ಮೊನ್ನೆ ಮೊನ್ನೆ ಮೊಣಕಾಲು ಹಿಡಿದುಕೊಳ್ಳುವ ತನಕ ಉಸುಕಿನಲ್ಲಿ ತಿರುಗಿದಳು. ಬೀಚಿನಲ್ಲಿ ಮಾರುವ ಚಿಪ್ಪು ಅದೇ ಬೀಚಿನದ್ದು ಎಂದು ನೀವು ತಿಳಿದಿದ್ದರೆ, ನೀವೂ ಅವ್ವನ ಗಿರಾಕಿಯೇ. ಅವು ಬರುವುದು ತಮಿಳುನಾಡಿನಿಂದ, ಗೋಣಿಚೀಲದಲ್ಲಿ, ಹೊಲಸು ನಾರುತ್ತ. ಗೋವಾದ ನೆನಪಿಗೆ ಇರಲಿ ಎಂದು ಜನ ಕೊಂಡುಹೋಗುವ ಶಂಖ ಗೋವಾದ್ದಲ್ಲ, ಕೊಡುವವಳೂ ಗೋವಾದವಳಲ್ಲ. ಆದರೂ ವ್ಯವಹಾರ ಚೆನ್ನಾಗಿಯೇ ನಡೆಯುತ್ತದೆ.

ಚೀಲ ಬಂದ ದಿನ ಮನೆಯ ಮುಂದೆ ಎರಡು ಬಕೆಟ್. ಒಂದರಲ್ಲಿ ನೀರಿಗೆ ಒಂದಿಷ್ಟು ಆ್ಯಸಿಡ್, ಇನ್ನೊಂದರಲ್ಲಿ ಬರೀ ನೀರು. ಹಳೆಯ ಮೀನುಬಲೆಯ ತುಂಡಿನಲ್ಲಿ ಚಿಪ್ಪು ಕಟ್ಟಿ ಮೊದಲನೆಯದರಲ್ಲಿ ಮುಳುಗಿಸಬೇಕು, ಹತ್ತು ಎಣಿಸಬೇಕು, ಎತ್ತಬೇಕು. ನಮ್ಮ ಕಡೆ ರಾಶಿ ಅಳೆಯುವಾಗ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಅವ್ವ ರಾಶಿ ಬಿಟ್ಟು ಬಂದರೂ ಎಣಿಕೆ ಬಿಟ್ಟು ಬಂದಿರಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು, ‘ಲಾಭ, ಎರಡ, ಮೂರ’ ಎಂದು ಹತ್ತರವರೆಗೆ ಹೋಗಿ ಬಲೆ ಎತ್ತಿದರೆ ಪಾಚಿ, ಸುಣ್ಣ, ಹುಳುಕು ಎಲ್ಲ ಹೋಗಿ ಚಿಪ್ಪು ಹಾಲಿನಂತೆ ಹೊಳೆಯುತ್ತಿತ್ತು. ಆಮೇಲೆ ಕೊಬ್ಬರಿ ಎಣ್ಣೆಯ ಕೈ. ಹನ್ನೊಂದು ಎಣಿಸಿದರೆ ಚಿಪ್ಪು ಸುಡುತ್ತದೆ, ಒಂಬತ್ತಕ್ಕೆ ನಿಂತರೆ ಹೊಲಸು ಉಳಿಯುತ್ತದೆ ಎಂಬುದು ಅವ್ವನ ಶಾಸ್ತ್ರ. ಆ ಶಾಸ್ತ್ರದಲ್ಲಿ ಅವಳನ್ನು ಮೀರಿಸುವವರು ಆ ಬೀಚಿನ ಉದ್ದಕ್ಕೂ ಯಾರೂ ಇರಲಿಲ್ಲ.

ನನ್ನ ಕೆಲಸ ಬೇರೆ. ಸೂಜಿಯಂತೆ ಉದ್ದುದ್ದ ಇರುವ ಶಂಖಗಳ ತುದಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ತೂತು ಮಾಡುವುದು. ತುದಿ ಹೋದರೇ ದಾರ ಹೋಗುವುದು. ಶಾಲೆಯಿಂದ ಬಂದವಳು ಪಾಟಿಚೀಲ ಒಗೆದು ಕೂತರೆ ಕತ್ತಲಾಗುವ ತನಕ ತಿಕ್ಕುತ್ತಿದ್ದೆ. ಎಷ್ಟು ಸಾವಿರ ತುದಿಗಳನ್ನು ನುಣ್ಣಗೆ ಪುಡಿ ಮಾಡಿ ಊದಿದ್ದೇನೋ, ದೇವರಿಗೇ ಗೊತ್ತು. ಬೆರಳಿನ ಗೆರೆ ಸವೆದು ಹೋಗಿ, ಆಧಾರ್ ಮಾಡಿಸುವಾಗ ಯಂತ್ರ ನನ್ನ ಹೆಬ್ಬೆಟ್ಟನ್ನು ನಾಲ್ಕು ಸಲ ಒಲ್ಲೆ ಎಂದಿತು.

ಇಂಥ ವಿದ್ಯೆ ಇಟ್ಟುಕೊಂಡು ನಾನು ಕಾಲೇಜಿಗೆ ಕೆಲಸ ಕೇಳಲು ಹೋದೆ. ಭೂಗರ್ಭಶಾಸ್ತ್ರದ ವಿಭಾಗದಲ್ಲಿ ಪಳೆಯುಳಿಕೆಗಳ ಒಂದು ಕೋಣೆ, ಅದರ ಯಜಮಾನಿ ಒಬ್ಬ ವಯಸ್ಸಾದ ಪ್ರೊಫೆಸರು. ಎಲ್ಲರೂ ಅವರನ್ನು ಅಲ್ಲಿನ ಮರ್ಯಾದೆಯ ಮಾತಿನಲ್ಲಿ ಬಾಯಿ ಎಂದೇ ಕರೆಯುತ್ತಿದ್ದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ದಿನಾ ಸಾಂಗೆಯಿಂದ ಬಸ್ಸು ಹತ್ತಿ ಬರುತ್ತಿದ್ದರು. ಮನೆಮಾತು ಕೊಂಕಣಿ. ಓದಿದ್ದು ಧಾರವಾಡದಲ್ಲಾದ್ದರಿಂದ ನನ್ನ ಜೊತೆ ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಿದ್ದರು. ಅವರು ನನ್ನ ಮುಂದೆ ಒಂದು ತಟ್ಟೆ ಚಿಪ್ಪು ಇಟ್ಟು, “ಇವನ್ನು ಗುಂಪು ಮಾಡು” ಎಂದರು. ನಾನು ಪಟಪಟ ಮೂರು ಗುಡ್ಡೆ ಮಾಡಿದೆ.

“ಯಾವ ಆಧಾರದ ಮೇಲೆ?”

“ಇವು ದಾರಕ್ಕ ಬರ್ತಾವ್ರಿ ಬಾಯಿ. ಇವು ಕನ್ನಡಿ ಚೌಕಟ್ಟಿಗೆ ಅಂಟಸಾಕ. ಇವು ಯಾತಕ್ಕೂ ಬರಂಗಿಲ್ರಿ.”

ಬಾಯಿ ನಕ್ಕುಬಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮೊದಲನೆಯ ಗುಡ್ಡೆಯನ್ನು ಬೆರಳಲ್ಲಿ ಹರಡಿ, “ಇದು ಬಹುಪಾಲು ಸರಿಯಾಗಿದೆ ಗೋ” ಎಂದರು. ಕೊಂಕಣಿಯವರು ಹೆಣ್ಣುಮಕ್ಕಳನ್ನು ಮಾತಾಡಿಸುವ ಆ ‘ಗೋ’ ನನಗೆ ಅಂದೇ ಹಿಡಿಸಿತು. ಯಾತಕ್ಕೂ ಬಾರದವು ಎಂದು ನಾನು ತೆಗೆದಿಟ್ಟ ಗುಡ್ಡೆಯನ್ನು ಅವರು ಒಂದು ಡಬ್ಬಿಗೆ ತುಂಬಿ ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು. ಕೆಲಸ ಸಿಕ್ಕಿತು.

ಅಲ್ಲಿಂದ ಚಿಪ್ಪನ್ನು ನೋಡುವುದನ್ನು ಮತ್ತೆ ಮೊದಲಿನಿಂದ ಕಲಿತೆ. ಸುತ್ತು ಎಷ್ಟು, ಸುತ್ತಿಗೂ ಸುತ್ತಿಗೂ ನಡುವಿನ ಹೊಲಿಗೆ ಆಳವೋ ಮೇಲೆ ಮೇಲೋ, ಚಿಪ್ಪಿನ ಬಾಯಿ ದುಂಡಗಿದೆಯೋ ಸೀಳಿದಂತಿದೆಯೋ, ತುಟಿ ದಪ್ಪವೋ ತೆಳುವೋ. ಇಷ್ಟನ್ನು ನೋಡಿ ಯಾವ ಹುಳು ಯಾವ ಕುಟುಂಬಕ್ಕೆ ಸೇರಿದ್ದು ಎಂದು ಹೇಳುತ್ತಾರೆ. ಹುಳ ಸತ್ತು ಎಷ್ಟೋ ಕೋಟಿ ವರ್ಷವಾಗಿದ್ದರೂ ಬಿಡುವುದಿಲ್ಲ. ನಮ್ಮವರು ಹೆಣ್ಣು ನೋಡಲು ಹೋದಾಗಲೂ ಇಷ್ಟು ತನಿಖೆ ಮಾಡುವುದಿಲ್ಲ ಎಂದು ನಾನು ಅಂದಾಗ ಬಾಯಿ, “ಹೆಣ್ಣು ಬಾಯಿಬಿಟ್ಟು ಹೇಳುತ್ತಾಳೆ, ಇದು ಹೇಳುವುದಿಲ್ಲವಲ್ಲ” ಎಂದಿದ್ದರು.

ಬಾಯಿಯ ಜೀವವೆಲ್ಲ ಇದ್ದದ್ದು ನೆರಿನಿಯಾ ಎಂಬ ಒಂದು ಕುಲದ ಮೇಲೆ. ಇದು ಸಮುದ್ರದ ಬಸವನಹುಳು. ಡೈನೋಸಾರ್‌ಗಳ ಕಾಲದಲ್ಲಿ ಬೆಚ್ಚಗಿನ, ಆಳವಿಲ್ಲದ ಕಡಲಿನಲ್ಲಿ ಬದುಕಿ, ಆ ಕಾಲದ ಜೊತೆಗೇ ಮುಗಿದುಹೋದದ್ದು. ಈಗ ಎಲ್ಲೂ ಒಂದೂ ಇಲ್ಲ. ಹೊರಗಿನಿಂದ ನೋಡಿದರೆ ಅವ್ವನ ಲೆಕ್ಕದಲ್ಲಿ ‘ದಾರಕ್ಕೆ ಬರುವಂಥಾದ್ದು’: ಉದ್ದಕ್ಕೆ, ಗೋಪುರದ ಹಾಗೆ, ಸುತ್ತಿನ ಮೇಲೆ ಸುತ್ತು. ಮಜಾ ಇರುವುದು ಒಳಗೆ. ಉದ್ದಕ್ಕೆ ಸೀಳಿ ನೋಡಿದರೆ ನಡುವಿನ ಕಂಬದಿಂದಲೂ ಗೋಡೆಯಿಂದಲೂ ಮಡಿಕೆಗಳು ಒಳಕ್ಕೆ ಚಾಚಿಕೊಂಡಿರುತ್ತವೆ, ಹುಳಕ್ಕೆ ಉಳಿದ ಜಾಗ ಒಂದು ವಕ್ರವಾದ ಸಂದಿ ಅಷ್ಟೇ. ನನಗೆ ಕುಂಕಳ್ಳಿಯ ನಮ್ಮ ಕೋಣೆಯೇ ಕಂಡಿತು. ಆ ಕಡೆಯಿಂದ ಮಂಚ, ಈ ಕಡೆಯಿಂದ ಟ್ರಂಕು, ಮೂಲೆಯಿಂದ ಗ್ಯಾಸು, ನಡುವೆ ಉಳಿದ ಸಂದಿಯಲ್ಲಿ ಅವ್ವ ಮತ್ತು ನಾನು. ಹೇಳಿದಾಗ ಬಾಯಿ ನಗಲಿಲ್ಲ. “ಹಾಗೂ ಬದುಕಿತ್ತು ನೋಡು, ಬಹಳ ಕಾಲ” ಎಂದರು.

ಈ ನೆರಿನಿಯಾದ ನೆಂಟರು ಯಾರು ಎಂಬುದು ತಿಳಿದವರ ನಡುವೆ ಹಳೆಯ ಜಗಳ. ಹೊರ ರೂಪ ನೋಡಿ ಹಿಂದಿನವರು ಅದನ್ನು ಈಗಿನ ಉದ್ದ ಶಂಖಗಳ ಪಕ್ಕದಲ್ಲಿ ಇಟ್ಟರು. ಆಮೇಲಿನವರು ಬೇರೆಯೇ ವಂಶ ಎಂದರು. ತೀರ್ಮಾನ ಇರುವುದು ತುದಿಯಲ್ಲಿ. ಬಸವನಹುಳು ಮನೆ ಕಟ್ಟುವುದು ತುದಿಯಿಂದ ಕೆಳಕ್ಕೆ. ತುದಿಯೆಂದರೆ ಅದು ಮೊಟ್ಟೆಯಿಂದ ಬರುವಾಗ ತೊಟ್ಟಿದ್ದ ಚಿಪ್ಪು, ಸಾಸಿವೆಗಿಂತ ಚಿಕ್ಕದು. ಕೆಲವು ವಂಶಗಳಲ್ಲಿ ಆ ಹುಟ್ಟುಚಿಪ್ಪು ಒಂದು ದಿಕ್ಕಿಗೆ ಸುತ್ತಿದ್ದು, ಮುಂದಿನದೆಲ್ಲ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಅದನ್ನು ಕಂಡರೆ ನೆಂಟಸ್ತಿಕೆ ಗೊತ್ತಾಯಿತು. ಆದರೆ ಕಲ್ಲಾಗುವ ಹೊತ್ತಿಗೆ ಮೊದಲು ಮುರಿಯುವುದೂ ಅದೇ. ಬಾಯಿ ಹರೆಯದಲ್ಲಿ ತಮಿಳುನಾಡಿನ ಸುಣ್ಣಕಲ್ಲಿನ ಗಣಿಗಳಲ್ಲಿ ಬಿಸಿಲಿಗೆ ಬೆಂದು ತಂದ ಹದಿನಾಲ್ಕರಲ್ಲಿ ಹದಿಮೂರಕ್ಕೆ ತುದಿ ಇರಲಿಲ್ಲ. ಹದಿನಾಲ್ಕನೆಯದಕ್ಕೆ ಇತ್ತು.

ಆ ಒಂದು ಕಲ್ಲು ನೋಡಲು ಎಲ್ಲಕ್ಕಿಂತ ಹೊಲಸು. ಮೇಲೆಲ್ಲ ಬೂದುಬಣ್ಣದ ಸುಣ್ಣ ಹತ್ತಿಕೊಂಡಿತ್ತು. ಬಾಯಿ ಸೂಜಿಯಿಂದ ಅದರ ತುದಿಯ ಸುತ್ತ ಮಾತ್ರ, ದಿನಕ್ಕೆ ಒಂದು ಚೂರಿನಂತೆ, ಮಳೆಗಾಲವೊಂದನ್ನು ಪೂರ್ತಿ ಕಳೆದು ಬಿಡಿಸಿದ್ದರು. ಭೂತಗನ್ನಡಿಯಲ್ಲಿ ನನಗೂ ತೋರಿಸಿದ್ದರು. ನಾನು ಸಾವಿರಗಟ್ಟಲೆ ಪುಡಿ ಮಾಡಿ ಊದಿದ್ದೆನಲ್ಲ, ಆ ಸಾಮಾನು. ಎಳೆಯ ಮಗು ಗೋಡೆಯ ಕಡೆ ಮುಖ ಮಾಡಿ ಮಲಗಿದಂತೆ ಅದು ಉಳಿದ ಸುತ್ತುಗಳ ವಿರುದ್ಧ ದಿಕ್ಕಿಗೆ ತಿರುಗಿಕೊಂಡಿತ್ತು. ಕಣ್ಣಿಗೆ ಕಂಡದ್ದನ್ನು ಬರೆದರೆ ಯಾರೂ ಒಪ್ಪುವುದಿಲ್ಲ, ದೊಡ್ಡ ಸೂಕ್ಷ್ಮದರ್ಶಕದ ಫೋಟೋ ಬೇಕು. ಅದು ಇದ್ದದ್ದು ಘಟ್ಟದ ಮೇಲಿನ ಒಂದು ಸಂಸ್ಥೆಯಲ್ಲಿ. ಎರಡು ವರ್ಷ ಪತ್ರ ಬರೆದ ಮೇಲೆ ಬಾಯಿಗೆ ಒಂದು ಶನಿವಾರದ ದಿನ ಕೊಟ್ಟರು. ಸಾಂಗೆಯಿಂದ ಬಾಡಿಗೆ ಕಾರಿನಲ್ಲಿ ಮೊಲೆಂ ದಾಟಿ ಮೇಲೆ ಹೋಗಿ ಬರುವುದೆಂದು ನಿಶ್ಚಯವಾಯಿತು. ಶುಕ್ರವಾರ ಬಾಯಿಗೆ ಜ್ವರ, ಕಾಲೇಜಿಗೆ ಬರಲಿಲ್ಲ. ಫೋನು ಮಾಡಿ, “ಕಪಾಟಿನಿಂದ ಅದನ್ನು ತೆಗೆದುಕೊಂಡು ಹೋಗು. ರಾತ್ರಿ ನಿಮ್ಮಲ್ಲಿರಲಿ. ಬೆಳಿಗ್ಗೆ ಮೊದಲ ಬಸ್ಸಿಗೆ ನನ್ನ ಮನೆಗೆ ತಾ” ಎಂದರು. ಆಫೀಸಿನ ಗುಮಾಸ್ತ, ಘಟ್ಟ ಇಳಿದು ಬಂದ ನಮ್ಮಂಥವರನ್ನು ಮುಖದ ಮೇಲೇ ‘ಘಾಂಟಿ’ ಎಂದು ಹಂಗಿಸುವವ, ಬೀಗ ತೆಗೆದುಕೊಡುತ್ತ, ಇವಳ ಕೈಗೆ ಕೊಟ್ಟರೆ ಮುಗಿಯಿತು ಕಥೆ ಎಂದು ಕೊಂಕಣಿಯಲ್ಲಿ ಗೊಣಗಿದ. ನನಗೆ ಕೊಂಕಣಿ ಬರುತ್ತದೆ ಎಂಬುದನ್ನು ಅವನು ಪ್ರತಿಸಲ ಮರೆಯುತ್ತಾನೆ.

ಮನೆಗೆ ತಂದು ಅವ್ವನಿಗೆ ತೋರಿಸಿದೆ. ಅದೇ ನಾನು ಮಾಡಿದ ತಪ್ಪು, ಅಥವಾ ತಪ್ಪುಗಳಲ್ಲಿ ಮೊದಲನೆಯದು. ಜಂಬ ಕೊಚ್ಚಿಕೊಳ್ಳಬೇಕಿತ್ತು ನನಗೆ. “ಯವ್ವಾ, ಇದರಂಥಾದ್ದು ಇನ್ನೊಂದಿಲ್ಲ. ನನ್ನ ನಂಬಿ ಕೊಟ್ಟಾರ” ಎಂದೆ. ಅವ್ವ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಕ ನೋಡಿದಳು. “ಶಂಖ ಕಲ್ಲಾಗೇತಲ್ಲ ಮಗಳ! ಮಣ್ಣಾಗ ಎಷ್ಟ ದಿನ ಬಿದ್ದಿತ್ತೋ ಪಾಪ” ಎಂದಳು. ತುದಿಯ ವಿಷಯ ನಾನು ಹೇಳಲೇ ಇಲ್ಲ. ಅಷ್ಟೆಲ್ಲ ಅವಳಿಗೆ ಎಲ್ಲಿ ತಿಳಿಯುತ್ತದೆ ಎಂದುಕೊಂಡೆ.

ಬೆಳಿಗ್ಗೆ ನಾನು ನಳದ ಪಾಳಿಯಲ್ಲಿ ಕೊಡ ಹಿಡಿದು ನಿಂತಿದ್ದೆ. ಚಾಳಿನ ಆ ಕಡೆಯಿಂದ ಅವ್ವನ ದನಿ ಕೇಳಿಸುತ್ತಿತ್ತು: ಲಾಭ, ಎರಡ, ಮೂರ. ಹುಟ್ಟಿದಾಗಿನಿಂದ ಕೇಳಿದ ಎಣಿಕೆ, ಯಾರು ಕಿವಿಗೊಡುತ್ತಾರೆ? ಹತ್ತಕ್ಕೆ ನಿಂತಿತು. ಮತ್ತೆ ಲಾಭದಿಂದ ಸುರುವಾಯಿತು. ಮತ್ತೊಮ್ಮೆ. ಇವತ್ತು ಮಾಲು ಜಾಸ್ತಿ ಇರಬೇಕು ಎಂದುಕೊಂಡು ಕೊಡ ತುಂಬಿಕೊಂಡೆ.

ಬಾಗಿಲಲ್ಲಿ ಅವ್ವ ನಗುತ್ತ ಕೂತಿದ್ದಳು. “ಅಷ್ಟ ದೊಡ್ಡವರ ಮನಿಗೆ ಹಂಗಽ ಹೊಲಸ ಒಯ್ಯಾಕಿದ್ದೆಲ್ಲ! ಭಾಳ ಹಟಮಾರಿ ಹೊಲಸ ನೋಡ, ಬುಸುಬುಸು ಅಂತ ಬುರುಗು ಬಂತು. ಮೂರ ಸಲ ಅದ್ದೀನಿ. ಈಗ ನೋಡ” ಎಂದು ಕೊಬ್ಬರಿ ಎಣ್ಣೆ ಹಚ್ಚಿದ ಕಲ್ಲನ್ನು ನನ್ನ ಕೈಗಿಟ್ಟಳು. ಸುಣ್ಣಕಲ್ಲಿಗೆ ಆ್ಯಸಿಡ್ ಬಿದ್ದರೆ ಕಲ್ಲೇ ಬುರುಗಾಗಿ ಹೋಗುತ್ತದೆ. ಅವ್ವನಿಗೆ ಅದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಕಲ್ಲು ಬಾಯಲ್ಲಿಟ್ಟು ಚೀಪಿದ ಪೆಪ್ಪರಮೆಂಟಿನಂತೆ ನುಣ್ಣಗಾಗಿತ್ತು. ತುದಿ ಇದ್ದಲ್ಲಿ ದುಂಡಗಿನ ಮೊಂಡು. ನಾನು ಚೀರಬೇಕಿತ್ತು. ಅವಳ ಕೈ ನೋಡಿದೆ, ಆ್ಯಸಿಡ್ಡಿಗೆ ಬೆಂದು ಬೆಂದು ಉಗುರಿಲ್ಲದ ಬೆರಳು. ಮಗಳ ಮರ್ಯಾದೆ ಉಳಿಸಿದೆನೆಂದು ಅವಳಿಗೆ ಆದ ಖುಷಿ ನೋಡಿದೆ. “ಚಲೋ ಆಗೇತಿ ಯವ್ವಾ” ಎಂದು ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಸಾಂಗೆ ಬರುವ ತನಕ ಸೆರಗಿನಿಂದ ಎಣ್ಣೆ ಒರೆಸಿದೆ. ಎಷ್ಟು ಒರೆಸಿದರೂ ಹೊಳಪು ಹೋಗಲಿಲ್ಲ. ಬಾಯಿಯ ಅಂಗಳದಲ್ಲಿ ಕಾರು ನಿಂತಿತ್ತು. ಜ್ವರದಲ್ಲೂ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು ಜಗುಲಿಯಲ್ಲಿ ಕಾಯುತ್ತ ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ, “ಬಸ್‌ಸ್ಟ್ಯಾಂಡಿನ್ಯಾಗ ಬಿತ್ರಿ ಬಾಯಿ, ಕೈ ಜಾರಿ ಬಿತ್ತು” ಎಂದೆ. ಅವರು ಡಬ್ಬಿ ತೆಗೆದರು. ಭೂತಗನ್ನಡಿ ಹಿಡಿದು ನೋಡಿದರು. ತಿರುಗಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಬೆರಳನ್ನು ಮೂಗಿನ ಹತ್ತಿರ ಒಯ್ದು ಮೂಸಿದರು.

“ನಿನ್ನ ತಾಯಿ ಚಿಪ್ಪನ್ನು ಏನು ಹಾಕಿ ತೊಳೆಯುತ್ತಾರೆ ಗೋ?”

“ಸೋಪಿನ ನೀರ್ರಿ.”

“ಹೂಂ” ಎಂದರು. ಆಮೇಲೆ ಕಾರಿನವನನ್ನು ವಾಪಸು ಕಳಿಸಿ, ನನಗೆ ಚಹಾ ಮಾಡಲು ಒಳಗೆ ಎದ್ದು ಹೋದರು. ಅವ್ವನ ಮಾನ ಕಾಯಲು ಸುಳ್ಳು ಹೇಳಿದೆ ಎಂದು ನಾನು ಅಂದು ನನಗೇ ಹೇಳಿಕೊಂಡೆ. ಖರೇ ಅಂದರೆ ನೌಕರಿ ಹೋದೀತೆಂಬ ಭಯ. ಆ ಗುಮಾಸ್ತನ ಮಾತು ನಿಜವಾಗುತ್ತದಲ್ಲ ಎಂಬ ಉರಿ. ಬಾಯಿ ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಚಹಾದ ಜೊತೆ ಬಿಸ್ಕೀಟು ಕೊಟ್ಟರು.

ಕಾಲೇಜಿನ ನಮ್ಮ ಕೋಣೆಯಲ್ಲಿ ಒಂದು ಪದ್ಧತಿಯಿದೆ. ಪ್ರತಿ ಕಲ್ಲಿನ ಚೀಟಿಯ ಕೊನೆಯ ಸಾಲಿನಲ್ಲಿ ಅದನ್ನು ಶುಚಿ ಮಾಡಿದವರ ಹೆಸರು ಇರಬೇಕು, ಏನಾದರೂ ಕೆಟ್ಟಿದ್ದರೆ ಅದನ್ನೂ ಬರೆಯಬೇಕು. ಚೀಟಿ ಬರೆಯುವವಳು ನಾನೇ, ಅಕ್ಷರ ದುಂಡಗಿದೆ ಎಂದು. ಸೋಮವಾರ ಹೋದಾಗ ಹದಿನಾಲ್ಕನೆಯ ಕಲ್ಲಿಗೆ ಹೊಸ ಚೀಟಿ ಇತ್ತು, ಬಾಯಿಯ ಕೈಬರಹದಲ್ಲಿ. ಕುಲ ಎಂಬಲ್ಲಿ ನೆರಿನಿಯಾ. ಕುಟುಂಬ ಎಂಬಲ್ಲಿ ಒಂದು ಪ್ರಶ್ನೆಚಿಹ್ನೆ. ಕೆಳಗೆ, ‘ಶುಚಿ ಮಾಡುವಾಗ ಆ್ಯಸಿಡ್ಡಿನಿಂದ ತುದಿ ನಷ್ಟ’ ಎಂದು ಬರೆದು ತಮ್ಮ ಹೆಸರು ಹಾಕಿ ಸಹಿ ಮಾಡಿದ್ದರು. ಆ ಮಾತನ್ನು ನಾವಿಬ್ಬರೂ ಮುಂದೆ ಒಂದು ದಿನವೂ ಎತ್ತಲಿಲ್ಲ. ಅವರು ನನಗೆ ಮೊದಲಿನಂತೆಯೇ ಕಲಿಸಿದರು, ಮೊದಲಿನಂತೆಯೇ ಗೋ ಎಂದರು. ಹದಿನಾಲ್ಕನೆಯದನ್ನು ಕಪಾಟಿನಿಂದ ತೆಗೆಯುವುದನ್ನು ಮಾತ್ರ ಬಿಟ್ಟರು.

ಅವ್ವ ಬಹಳ ದಿನ ಕೇಳಿದಳು. “ನಿಮ್ಮ ಬಾಯಾರು ಏನಂದ್ರ? ಹೊಳಪ ನೋಡಿ ಏನಂದ್ರ?”

“ಭಾಳ ಖುಷಿಯಾದ್ರು ಯವ್ವಾ.”

“ಇನ್ನೂ ಅದಾವೇನ ಅಂಥಾವ? ತಗೊಂಬಾ ಅಂತ ಹೇಳಿದ್ದೆ ಅನ್ನ. ತೊಳದ ಕೊಡತೇನಿ.”

ಬೀಚಿನ ಹೆಂಗಸರಿಗೆಲ್ಲ ಅವಳು ಹೇಳಿಕೊಂಡು ಬಂದಿದ್ದಳು, ಕಾಲೇಜಿನವರ ಶಂಖವನ್ನೂ ತಾನೇ ತೊಳೆದುಕೊಡುವುದೆಂದು.

ಹೋದ ಮಳೆಗಾಲದಲ್ಲಿ ಬಾಯಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹಿಂದಿನ ದಿನ ತಾನೇ ಸೂಜಿ ಹಿಡಿದು ಒಂದು ಕಲ್ಲಿನ ಬಾಯಿಯಿಂದ ಮಣ್ಣು ಬಿಡಿಸುತ್ತಿದ್ದರು. ನಾನು ಪಕ್ಕದಲ್ಲೇ ದೀಪ ಹಿಡಿದಿದ್ದೆ. ದೀಪ ಅಲ್ಲಾಡಿತು, ಸೂಜಿ ಅಲ್ಲಾಡಲಿಲ್ಲ.

ಅವರ ಜಾಗಕ್ಕೆ ಬಂದ ಹೊಸ ಸರ್ ಒಳ್ಳೆಯ ಮನುಷ್ಯ, ಬೆಳಗಾವಿ ಕಡೆಯವರು. ಬಂದ ವಾರವೇ ಕಪಾಟುಗಳನ್ನೆಲ್ಲ ತೆಗೆಸಿ ಪಟ್ಟಿ ಮಾಡಲು ಕೂತರು. ಹದಿನಾಲ್ಕನೆಯ ಕಲ್ಲು ಕೈಗೆತ್ತಿಕೊಂಡು ಚೀಟಿ ಓದಿ, ತಲೆ ಕೊಡವಿದರು. “ಇಂಥಾದ್ದನ್ನ ಆ್ಯಸಿಡ್ಡಿನ್ಯಾಗ ಹಾಕತಾರೇನ್ರಿ? ಮೊದಲನೇ ವರ್ಷದ ಹುಡುಗರೂ ಹಾಕೂದಿಲ್ಲ. ತುದಿ ಉಳದಿದ್ರ ಇವರ ಹೆಸರು ಉಳೀತಿತ್ತು” ಎಂದರು. ಆಮೇಲೆ ನನ್ನ ಕಡೆ ತಿರುಗಿ, ದನಿ ಸಣ್ಣದು ಮಾಡಿ, ತೀರಿಕೊಂಡವರ ಬಗ್ಗೆ ಕೇಳುವ ಮರ್ಯಾದೆಯಲ್ಲೇ ಕೇಳಿದರು: “ವಯಸ್ಸಾದ ಮ್ಯಾಲೆ ಬಾಯಿಯವರ ಕೈ ನಡಗತಿತ್ತೇನು?”

ಹೇಳುವುದಾದರೆ ಅದೇ ಹೊತ್ತು. ಬಾಯಿ ಇಲ್ಲ, ಅವ್ವನಿಗೆ ಈ ಮಾತು ಮುಟ್ಟುವುದಿಲ್ಲ, ಸರ್ ನಮ್ಮ ಕಡೆಯವರೇ. ಆಫೀಸಿನಲ್ಲಿ ನನ್ನ ಆರು ತಿಂಗಳ ಕಾಗದ ಅವರ ಸಹಿಗೆ ಬಂದು ಕೂತಿತ್ತು.

“ಹೌದ್ರಿ ಸರ್” ಎಂದೆ. “ಕಡೀಕಡೀಕ ಭಾಳ ನಡಗತಿತ್ತು.”

ಸರ್ ನಿಟ್ಟುಸಿರು ಬಿಟ್ಟು ಅದನ್ನು ಪಟ್ಟಿಯಲ್ಲಿ ಬರೆದುಕೊಂಡರು. ಮರುದಿನ ಹುಡುಗರಿಗೆ ಆ ಕಲ್ಲು ತೋರಿಸಿ, ಮುಪ್ಪಿನಲ್ಲಿ ದೊಡ್ಡವರೂ ಹೇಗೆ ತಪ್ಪುತ್ತಾರೆ ಎಂದು ಹೇಳಿಕೊಟ್ಟರು. ಹುಡುಗರು ಒಬ್ಬೊಬ್ಬರಾಗಿ ಬಂದು ನೋಡುತ್ತಿದ್ದರು. ತಟ್ಟೆ ಹಿಡಿದುಕೊಂಡು ನಿಂತವಳು ನಾನು.